ನಿಂಬೆ ಗಿಡಕ್ಕೆ ಮಾಂಸದ ಸಾರು

ಕುವಾ ಊರಿನಲ್ಲಿ ಯಾರಾದರೂ "ಈಗ ತಾನೇ ಹೂತು ಬಂದೆ" ಎಂದರೆ ಕೇಳಿದವರು ಎದೆ ಹಿಡಿದುಕೊಳ್ಳುವುದಿಲ್ಲ. "ಎಷ್ಟು?" ಎನ್ನುತ್ತಾರೆ. "ಹನ್ನೆರಡು" ಎಂದರೆ "ಭೇಷ್, ಈ ವರ್ಷ ಬೇಗ ಮುಗಿಸಿದೆ" ಎಂದು ಬಟ್ಟಲಿಗೆ ಚಹಾ ಬಗ್ಗಿಸುತ್ತಾರೆ. ಅದು ದಾಳಿಂಬೆಯ ಊರು. ಎಲೆ ಉದುರಿದ ಮೇಲೆ, ನೆಲ ಕಲ್ಲಾಗುವ ಮೊದಲು, ಗಿಡದ ಕೊಂಬೆಗಳನ್ನೆಲ್ಲ ಒಟ್ಟಿಗೆ ಕಟ್ಟಿ, ನೆಲಕ್ಕೆ ಬಗ್ಗಿಸಿ, ಜೊಂಡಿನ ಚಾಪೆ ಹೊದಿಸಿ, ಮೇಲೆ ಮಣ್ಣು ಎಳೆದರೆ ಚಳಿಗಾಲದ ಚಿಂತೆ ಮುಗಿಯಿತು. ಅಂಜೂರಕ್ಕೂ ಹಾಗೆ, ದ್ರಾಕ್ಷಿಗೂ ಹಾಗೆ. ಮಾರ್ಚಿನಲ್ಲಿ, ಹೊಸ ವರ್ಷದ ನೌರೋಜ್ ಹಬ್ಬದ ಹೊತ್ತಿಗೆ ಮಣ್ಣು ಸರಿಸಿದರೆ ಗಿಡ ಕಣ್ಣುಜ್ಜಿಕೊಂಡು ಏಳುತ್ತದೆ.

ಊರಿಗೆಲ್ಲ ಈ ವಿದ್ಯೆ ಗೊತ್ತಿದ್ದರೂ ತುರ್ದಿಯ ಕೈಗುಣವೇ ಬೇರೆ ಎಂದು ಮೊಹಲ್ಲಾದ ನಂಬಿಕೆ. ತುರ್ದಿ ಕಸುಬಿನಿಂದ ರೊಟ್ಟಿ ಸುಡುವವನು. ಕೀರ್ತಿಯಿಂದ ಗಿಡ ಹೂಳುವವನು. ಅವನು ಹೂತ ಗಿಡ ನಲವತ್ತು ದಿನ ಹಿಮ ಬಿದ್ದರೂ ಕೆಮ್ಮದು ಎನ್ನುತ್ತಿದ್ದರು. ಅವನ ಸಿದ್ಧಾಂತವೂ ಸರಳವಾಗಿತ್ತು: ಮಲಗಿದವನಿಗೆ ಹಸಿವಿಲ್ಲ, ಹೊದ್ದವನಿಗೆ ಚಳಿಯಿಲ್ಲ.

ಇಷ್ಟು ಗುಣವಂತನಿಗೆ ದೇವರು ದೃಷ್ಟಿಬೊಟ್ಟಿನಂತೆ ಒಂದು ದೋಷ ಇಟ್ಟಿದ್ದ. ತುರ್ದಿಯ ಮುಂದೆ ಆಡಿದ ಯಾರ ವಾಕ್ಯವೂ ಕ್ರಿಯಾಪದದವರೆಗೆ ಬದುಕಿ ಉಳಿದ ಇತಿಹಾಸವಿರಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಅವನ ಮಗಳು ಗೌಹರಳ ನಿಶ್ಚಯ ಆಯಿತು. ಹುಡುಗ ಅಸ್ರೋರ್, ಅವಳ ಜತೆಗೇ ಫರ್ಗಾನಾದಲ್ಲಿ ಔಷಧಶಾಸ್ತ್ರ ಓದಿದವನು. ಹಿರಿಯರು ನೋಡಿ ಒಪ್ಪಿದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಓದುವಾಗಲೇ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಬೀಗರು ಇಸ್ಮತುಲ್ಲಾ, ತಾಶ್ಕೆಂಟ್ ಪಕ್ಕದ ನಿಂಬೆ ಬೆಳೆಯುವ ಹಳ್ಳಿಯವರು. ಅಲ್ಲಿ ನೆಲದಲ್ಲಿ ಆಳುದ್ದ ಕಾಲುವೆ ತೋಡಿ, ಮೇಲೆ ಗಾಜು ಹೊದಿಸಿ, ಅದರೊಳಗೆ ನಿಂಬೆ ಸಾಕುತ್ತಾರೆ.

ಹಿರಿಯರ ಕೈಯಲ್ಲಿ ರೊಟ್ಟಿ ಮುರಿದದ್ದಾಯಿತು, ಮಾತು ಗಟ್ಟಿಯಾಯಿತು. ಆಮೇಲೆ ಇಸ್ಮತುಲ್ಲಾ ವ್ಯಾನಿನಿಂದ ಒಂದು ಕುಂಡವನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಸೊಂಟದೆತ್ತರದ ನಿಂಬೆ ಗಿಡ, ಎಣ್ಣೆ ಸವರಿದಂಥ ಎಲೆ, ನಡುವೆ ಒಂಬತ್ತು ಹಸಿರು ಕಾಯಿ.

"ಬೀಗರೇ, ಇದು ನಮ್ಮಮ್ಮ ಕೈಯಾರೆ ಕಸಿ ಕಟ್ಟಿದ್ದು. ನೌರೋಜ್ ದಿನ ಬರ್ತೀವಿ. ಈ ಗಿಡದ ಹಣ್ಣು ಚಹಾಕ್ಕೆ ಹಾಕಿ ಎಲ್ಲರೂ ಕುಡಿಯೋಣ, ಕುಡಿದು ಮದುವೆ ದಿನ ಇಡೋಣ. ಆದ್ರೆ ಚಳಿಗಾಲದಲ್ಲಿ ಇದನ್ನ—"

"ಬೀಗರೇ!" ತುರ್ದಿ ಎರಡೂ ಕೈ ಎತ್ತಿದ. "ಮೀನಿಗೆ ಈಜು ಹೇಳಿಕೊಡ್ತೀರಾ?"

ಮೊಹಲ್ಲಾದವರೆಲ್ಲ ನಕ್ಕರು. ಇಸ್ಮತುಲ್ಲಾರೂ ನಕ್ಕರು. ತುರ್ದಿ ಒಳಗೆ ಹೋಗಿ ತನ್ನ ಕಡೆಯ ಉಡುಗೊರೆ ಎತ್ತಿ ತಂದ: ಕುಂಡದಲ್ಲಿ ಮೂರು ವರ್ಷದ ದಾಳಿಂಬೆ.

"ಇದು ನಮ್ಮ ಮನೇದು ಬೀಗರೇ. ಚಳಿ ಶುರುವಾಗ್ತಿದ್ದ ಹಾಗೆ ಇದನ್ನ—"

"ಈಗ ತಾನೇ ಮೀನಿನ ಮಾತಾಡಿದ್ರಲ್ಲ? ನಾನೂ ಅದೇ ಹೊಳೇ ಮೀನು ಬೀಗರೇ!"

ಈ ಸಲ ಇನ್ನೂ ಜೋರು ನಗು. ಚಹಾದ ತಟ್ಟೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದ ಗೌಹರ್ ಮಾತ್ರ ತಾಯಿಯ ಕಿವಿಯಲ್ಲಿ, "ಅಮ್ಮಾ, ಒಬ್ಬರ ಮಾತು ಒಬ್ಬರು ಕೇಳ್ಕೋಬೇಕಿತ್ತಲ್ವಾ?" ಎಂದಳು.

"ಶ್! ನಿನ್ನ ನಿಶ್ಚಯದ ದಿನ ನೀನು ಮಾತಾಡೋ ಹಾಗಿಲ್ಲ," ಎಂದಳು ತಾಯಿ ಒಯ್ನಿಸಾ.

ನವೆಂಬರ್ ಬಂತು. ಹನ್ನೆರಡು ದಾಳಿಂಬೆಯನ್ನು ಮಲಗಿಸಿದ ಮೇಲೆ ತುರ್ದಿ ಹದಿಮೂರನೆಯ ಗುಂಡಿ ತೋಡತೊಡಗಿದ. ಒಯ್ನಿಸಾ ಅಂಗಳಕ್ಕೆ ಬಂದು ನೋಡಿದಳು. ಗುಂಡಿಯ ಪಕ್ಕ ನಿಂಬೆಯ ಕುಂಡ ಕೂತಿತ್ತು.

"ಗೌಹರ್ ಅಪ್ಪಾ, ಇದರ ಎಲೆ ಇನ್ನೂ ಉದುರಿಲ್ಲ."

"ಹೊಸ ಊರು, ಹೊಸ ಮನೆ. ನಾಚಿಕೆ. ಹೊಸ ಸೊಸೆ ಬಂದ ದಿನವೇ ಮುಸುಕು ತೆಗೀತಾಳಾ? ಒಳಗೆ ಹೋದ್ಮೇಲೆ ತಾನಾಗಿ ಉದುರಿಸುತ್ತೆ."

"ಅಪ್ಪಾ, ಎಲೆ ಉದುರಿಸದ ಗಿಡ ಚಳಿಗಾಲದಲ್ಲೂ—" ಎಂದು ಗೌಹರ್ ಕಿಟಕಿಯಿಂದ ಶುರುಮಾಡಿದಳು.

"ನಿನ್ನ ಮದುವೆ ಗಿಡದ ವಿಷ್ಯ ನೀನು ಮಾತಾಡಬಾರದು ಮಗಳೇ, ಜನ ಏನಂದಾರು," ಎಂದು ತುರ್ದಿ ಕುಂಡವನ್ನು ಗುಂಡಿಗಿಳಿಸಿ ಚಾಪೆ ಎಳೆದ. ಮೇಲೆ ಒಂದು ಮೊಳ ಮಣ್ಣು. ಎರಡು ಸಲ ಸಲಿಕೆಯಿಂದ ತಟ್ಟಿ, ತೊಟ್ಟಿಲಿಗೆ ಹೇಳುವಂತೆ "ಸುಖವಾಗಿ ನಿದ್ದೆ ಮಾಡು" ಎಂದ.

ಡಿಸೆಂಬರಿನಲ್ಲಿ ಇಸ್ಮತುಲ್ಲಾ ಫೋನು ಮಾಡಿದರು.

"ಹೇಗಿದೆ ಬೀಗರೇ, ನಮ್ಮ ನಿಂಬೆ?"

"ಸುಖನಿದ್ರೆ!"

"ನಿದ್ರೆನಾ? ನಿಂಬೆ ನಿದ್ರೆ—"

"ಚಿಂತೆ ಬಿಡಿ, ಬೆಚ್ಚಗೆ ಹೊದಿಸಿದೀನಿ. ನಮ್ಮ ದಾಳಿಂಬೆ?"

"ಅದಾ? ಗಾಜಿನ ಕೆಳಗೆ, ಒಲೆ ಪಕ್ಕ, ಕಣ್ಣು ಪಿಳಿಪಿಳಿ ಬಿಟ್ಕೊಂಡು ಕೂತಿದೆ."

"ಕಣ್ಣು ಬಿಟ್ಕೊಂಡಾ? ದಾಳಿಂಬೆ ಕಣ್ಣು—"

"ಚಿಂತೆ ಬಿಡಿ ಬೀಗರೇ!"

ಇಬ್ಬರೂ ಪರಮ ತೃಪ್ತಿಯಿಂದ ಫೋನು ಇಟ್ಟರು.

ಜನವರಿಯ ನಡುವೆ ಬೀಗರ ಮನೆಯಿಂದ ಇನ್ನೊಂದು ಸುದ್ದಿ ಬಂತು. ಇಸ್ಮತುಲ್ಲಾರ ತಾಯಿ ಇನೋಯತ್ ಅಜ್ಜಿ ಮೊಮ್ಮಗುವೊಂದರ ತೊಟ್ಟಿಲ ಶಾಸ್ತ್ರಕ್ಕೆ ಅಂದಿಜಾನಿಗೆ ಹೊರಟಿದ್ದಾರೆ. ದಾರಿಯಲ್ಲಿ ಕುವಾದಲ್ಲಿ ಇಳಿದು ತಮ್ಮ ಗಿಡ ನೋಡಿಕೊಂಡು ಹೋಗುತ್ತಾರಂತೆ. ಇನ್ನು ಹತ್ತು ದಿನ.

"ನೋಡ್ಲಿ, ಅದಕ್ಕೇನು!" ಎಂದು ತುರ್ದಿ ಸಲಿಕೆ ತೆಗೆದುಕೊಂಡ. ಮಣ್ಣು ಸರಿಸಿದ, ಚಾಪೆ ಎತ್ತಿದ. ನಿಂತ.

ಒಂಬತ್ತು ಹಣ್ಣೂ ಚೆಂದವಾಗಿ ಹಳದಿಯಾಗಿದ್ದವು. ಎಲೆಯೂ ಹಳದಿಯಾಗಿತ್ತು. ಕುಂಡವನ್ನು ಮೇಲೆತ್ತಿದ ಅಲುಗಾಟಕ್ಕೇ ಅರ್ಧದಷ್ಟು ಎಲೆಗಳು ಸುಮ್ಮನೆ, ಯಾರನ್ನೂ ದೂರದೆ, ಕೆಳಗೆ ಬಿದ್ದವು.

"ಹಣ್ಣಾಗಿದೆ," ಎಂದ ತುರ್ದಿ. ದನಿಯಲ್ಲಿ ಹಿಂದಿನ ಖದರು ಇರಲಿಲ್ಲ.

"ಹಣ್ಣು ಹಣ್ಣಾಗ್ಲಿ, ಎಲೆ ಯಾಕೆ ಹಣ್ಣಾಯ್ತು?" ಒಯ್ನಿಸಾ ತಲೆಯ ಮೇಲೆ ಕೈಯಿಟ್ಟು ಅಲ್ಲೇ ಕುಳಿತಳು. "ಅಜ್ಜಿ ಕೈಯಾರೆ ಕಟ್ಟಿದ ಗಿಡ! ಕೊಟ್ಟ ಗಿಡಾನೇ ಒಣಗಿಸೋ ಮನೆಯಿಂದ ಯಾರು ಹೆಣ್ಣು ತರ್ತಾರೆ? ನಾಳೆ ಇದೇ ಶಕುನ ಅಂತಾರೆ. ನನ್ನ ಮಗಳ ಗತಿ ಏನು?"

ಗೌಹರ್ ಕುಂಡದ ಪಕ್ಕ ಬಾಗಿದಳು. ಬಿದ್ದ ಎಲೆಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಂಡಳು. ತುರ್ದಿಗೆ ಹೆಂಡತಿಯ ಗೋಳಿಗಿಂತ ಅದೇ ಹೆಚ್ಚು ಚುಚ್ಚಿತು.

ಅಳು ಕೇಳಿ ಪಕ್ಕದ ಮನೆಯ ಹುರಿಯತ್ ಗೋಡೆಯ ಮೇಲೆ ಇಣುಕಿದಳು. ಟೊಪ್ಪಿಗೆ ಕಸೂತಿ ಹಾಕುವವಳು. ಅವಳ ಸೂಜಿಗಿಂತ ಮಾತು ಚೂಪು. ಗಿಡವನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು.

"ಹಸಿದಿದೆ."

ಬೇರೆ ಯಾವ ರೋಗದ ಹೆಸರು ಹೇಳಿದ್ದರೂ ತುರ್ದಿ ತಡೆದುಕೊಳ್ಳುತ್ತಿದ್ದ. ಮೊಹಲ್ಲಾದ ನೂರ ಹತ್ತು ಮನೆಗೆ ರೊಟ್ಟಿ ಹಾಕುವವನ ಮನೆಯಲ್ಲಿ ನೆಂಟರ ಗಿಡ ಉಪವಾಸ!

"ಎರಡು ತಿಂಗಳು ಮಣ್ಣಲ್ಲಿಟ್ಟು ಒಂದು ತೊಟ್ಟು ಹಾಕಿಲ್ವಲ್ಲಾ ತುರ್ದಿ ಅಣ್ಣ. ಪಾಪ, ಬಾಯಿಲ್ಲದ್ದು. ನಿಲ್ಲಿ, ಮನೇಲಿ ಕುರಿ ಸಾರಿದೆ."

ಅಲ್ಲಿಂದ ಮುಂದೆ ನಡೆದದ್ದು ಕುವಾದ ಆತಿಥ್ಯದ ಚರಿತ್ರೆಯಲ್ಲಿ ಬರೆದಿಡಬೇಕಾದದ್ದು. ಗಿಡವನ್ನು ಅಂಗಳದಲ್ಲಿ ಬಿಡುವುದುಂಟೇ? ಅತಿಥಿಗಳ ಕೋಣೆಗೆ ತಂದರು. ಬಾಗಿಲಿನಿಂದ ಅತಿ ದೂರದ ಗೋಡೆಯ ಬಳಿ, ಹಾಜಿಗಳು ಬಂದರೆ ಕೂರಿಸುವ ಜಾಗದಲ್ಲಿ, ಮೂರು ಹತ್ತಿಯ ಹಾಸಿಗೆ ಪೇರಿಸಿ ಕುಂಡವನ್ನು ಕೂರಿಸಿದರು. ಕಾಂಡಕ್ಕೆ ರೇಷ್ಮೆಯ ರಜಾಯಿ ಸುತ್ತಿದರು. ಚಳಿಗಾಳಿ ನುಸುಳದಂತೆ ಕಿಟಕಿಯ ಸಂದಿಗೆಲ್ಲ ಚಿಂದಿ ತುರುಕಿದರು. ಬಂದು ಹೋಗುವವರ ದೃಷ್ಟಿ ತಾಗದಿರಲೆಂದು ಒಯ್ನಿಸಾ ತನ್ನ ಮದುವೆಯ ದಪ್ಪ ಮಖಮಲ್ ಪರದೆ ಇಳಿಬಿಟ್ಟಳು. ಮೇಲೆ ದೃಷ್ಟಿ ತೆಗೆಯುವ ಸೊಪ್ಪಿನ ಹೊಗೆ. ಮಧ್ಯಾಹ್ನ ಹನ್ನೆರಡಕ್ಕೆ ಆ ಕೋಣೆಯಲ್ಲಿ ತನ್ನ ಕೈ ತನಗೇ ಕಾಣುತ್ತಿರಲಿಲ್ಲ.

"ಅಪ್ಪಾ, ಕಿಟಕಿ—" ಎಂದಳು ಗೌಹರ್.

"ಚಳಿ ಬರುತ್ತಮ್ಮಾ!"

"ಚಳಿ ಅಲ್ಲ, ಪರದೆ—"

"ದೃಷ್ಟಿ ತಾಗುತ್ತೆ! ಔಷಧಿ ಓದಿದೋಳು ನೀನು, ರೋಗಿ ಮುಂದೆ ಇಷ್ಟು ಮಾತಾಡಬಾರದು ಅಂತ ಗೊತ್ತಿಲ್ವಾ?"

ಸಾರಿನಿಂದ ಶುರುವಾದದ್ದು ಸಾರಿಗೇ ನಿಲ್ಲಲಿಲ್ಲ. ಮರುದಿನ ಒಬ್ಬರು ಹಾಲು ತಂದರು, ಇನ್ನೊಬ್ಬರು ಜೇನು ಕಲಸಿದ ಚಹಾ. ಬಾಣಂತಿಗೆ ಕೊಡುವ ಹಿಟ್ಟಿನ ಗಂಜಿ ಬಂತು. ನಾಲ್ಕನೆಯ ದಿನಕ್ಕೆ ಒಬ್ಬರ ಅಡುಗೆ ಮೇಲೆ ಇನ್ನೊಬ್ಬರ ಅಡುಗೆ ಬಿದ್ದು ಜಗಳವಾಗುವ ಹೊತ್ತಿಗೆ ಮೊಹಲ್ಲಾದ ಹಿರಿಯರಾದ ತೊಲಿಬ್ ಮಧ್ಯೆ ಬಂದರು. ಬಿಳಿಗಡ್ಡ, ಎದೆಯಲ್ಲಿ ಮೂರು ಪೆನ್ನು. ಚಹಾದಂಗಡಿಯಲ್ಲಿ ಸಭೆ ಕರೆದು ಸರದಿ ಪಟ್ಟಿ ಮಾಡಿ ಮೊಹಲ್ಲಾ ಕಚೇರಿಯ ಗೋಡೆಗೆ ಅಂಟಿಸಿದರು: ಸೋಮವಾರ ಹುರಿಯತ್, ಸಾರು. ಮಂಗಳವಾರ ಕಟುಕರ ಮನೆ, ಮೂಳೆ ಬೇಯಿಸಿದ ನೀರು. ಕೆಳಗೆ ಕೆಂಪು ಶಾಯಿಯಲ್ಲಿ: "ರೋಗಿ ನಮ್ಮ ಇಡೀ ಮೊಹಲ್ಲಾದ ಬೀಗರ ಕಡೆಯವರು. ಉಪ್ಪು ಹಿತಮಿತವಾಗಿರಲಿ."

ಇದರಿಂದ ಮೊದಲು ಗುಣ ಕಂಡದ್ದು ಬೆಕ್ಕುಗಳಲ್ಲಿ. ಮೊಹಲ್ಲಾದ ಅಷ್ಟೂ ಬೆಕ್ಕು ತುರ್ದಿಯ ಬಾಗಿಲ ಮುಂದೆ ಬಾಲ ಮಡಿಚಿ, ರೋಗಿಯನ್ನು ನೋಡಲು ಬಂದ ನೆಂಟರಂತೆ ಗಂಭೀರವಾಗಿ ಕುಳಿತವು.

ಆರನೆಯ ದಿನ ಕಂಪೌಂಡರ್ ಬಹ್ರೊಮ್‌ನನ್ನು ಕರೆಸಿದರು. ಬಿಳಿ ಕೋಟಿನ ಅವನು ಕತ್ತಲಲ್ಲಿ ತಡವಿ, ಕಾಂಡವನ್ನು ಎರಡು ಬೆರಳಿಂದ ಹಿಡಿದು ಗಡಿಯಾರ ನೋಡಿದ.

"ರಕ್ತ ಕಮ್ಮಿ," ಎಂದ ಬಹ್ರೊಮ್.

"ಅದಕ್ಕೆ ರಕ್ತ ಇದೆಯಾ?" ತುರ್ದಿ ಕೇಳಿದ.

"ಅದಕ್ಕೇ ಕಮ್ಮಿ ಅಂದೆ ಅಣ್ಣ. ಹೊಟ್ಟೆಗೆ ಕೊಟ್ಟಿದ್ದು ದಕ್ತಾ ಇಲ್ಲ. ಸೀದಾ ಗ್ಲೂಕೋಸ್ ಏರಿಸಿಬಿಡೋಣ. ಗ್ಲೂಕೋಸ್ ಅಂದ್ರೆ ಸಕ್ಕರೆ, ಸಕ್ಕರೆ ಅಂದ್ರೆ ಊಟದ ಸಾರ."

ಕೋಟು ತೂಗುಹಾಕುವ ಗೂಟಕ್ಕೆ ಬಾಟಲಿ ಏರಿತು, ಕೊಳವೆಯ ತುದಿ ಬೇರಿನ ಮಣ್ಣಿಗಿಳಿಯಿತು. ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತ ತುರ್ದಿ ಪಕ್ಕದಲ್ಲೇ ಕುಳಿತ. ಬೆಳಗ್ಗೆ ರೊಟ್ಟಿ ಸುಟ್ಟು ಬಂದವನು ನಾಷ್ಟಾ ಕೂಡ ಮಾಡಿರಲಿಲ್ಲ. ಒಂದು ರೊಟ್ಟಿ ತುಂಡು ತುಟಿಗಿಟ್ಟವನು, ಗಿಡದ ಕಡೆ ನೋಡಿ, ಕೆಳಗಿಟ್ಟ. ಹಸಿದ ಅತಿಥಿಯ ಮುಂದೆ ಗಂಟಲಲ್ಲಿ ಇಳಿಯಬೇಕಲ್ಲ. ಟಪ್ ಎಂದು ಇನ್ನೊಂದು ಎಲೆ ಬಿತ್ತು.

ಅಜ್ಜಿ ಬರಲು ಒಂದು ದಿನ ಇರುವಾಗ ಗಿಡದಲ್ಲಿ ಉಳಿದದ್ದು ನಾಲ್ಕು ಎಲೆ, ಒಂಬತ್ತು ಹಣ್ಣು. ಬೋಳು ಕೊಂಬೆಗೆ ಹಳದಿ ಬಲ್ಬು ಕಟ್ಟಿದ ಹಾಗೆ ಕಾಣುತ್ತಿತ್ತು. ತುರ್ತು ಸಭೆ ಸೇರಿತು. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದಾಗ ಹುರಿಯತ್ ಒಮ್ಮೆಲೇ ತಲೆ ಎತ್ತಿದಳು.

"ಹಿರಿಯರೇ, ನಿಮ್ಮ ಕಚೇರಿ ಮೂಲೇಲಿ ಒಂದು ಫೈಕಸ್ ಗಿಡ ಇದೆಯಲ್ಲ? ಎಲೆ ಹೆಚ್ಚುಕಮ್ಮಿ ಇದೇ ಥರ."

"ಆ ಗಿಡದ ಸುದ್ದಿಗೆ ಬರಬೇಡ. ನನಗಿಂತ ಮುಂಚೆ ಮೂರು ಜನ ಹಿರಿಯರನ್ನ ನೋಡಿದ ಗಿಡ ಅದು!"

"ನೋಡಿದ್ದು ಸಾಕು, ಈಗ ಸ್ವಲ್ಪ ಉಪಕಾರ ಮಾಡ್ಲಿ. ಎಲೆ ತನ್ನಿ, ನಾನು ಹೊಲೀತೀನಿ. ಟೊಪ್ಪಿ ಮೇಲೆ ಬಾದಾಮಿ ಎಲೆ ಮೂಡಿಸೋ ಕೈಗೆ ಕೊಂಬೆ ಮೇಲೆ ನಿಂಬೆ ಎಲೆ ಮೂಡಿಸೋದು ಕಷ್ಟವಾ?"

ಆ ಸಂಜೆ ಮೊಹಲ್ಲಾದ ಐವರು ಕಸೂತಿ ಹೆಂಗಸರು ದೀಪದ ಸುತ್ತ ಕುಳಿತು, ಹಸಿರು ರೇಷ್ಮೆ ದಾರದಲ್ಲಿ ಅರವತ್ತೆರಡು ಎಲೆಗಳನ್ನು ಕೊಂಬೆಕೊಂಬೆಗೆ ಹೊಲಿದರು. ತೊಲಿಬ್ ಹಿರಿಯರು ಒಂದೊಂದು ಎಲೆಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮುಗಿದಾಗ ನೋಡಿದರೆ, ದೇವರು ಒಂದು ಕ್ಷಣ ಬೇರೆ ಕಡೆ ನೋಡಿದ್ದರೆ ಅವನಿಗೂ ತನ್ನದೇ ಎನಿಸಬೇಕು, ಅಷ್ಟು ನಾಜೂಕಾದ ಕೆಲಸ.

ಇನೋಯತ್ ಅಜ್ಜಿ ಮಧ್ಯಾಹ್ನದ ಬಸ್ಸಿಗೆ ಇಳಿದರು. ಹಿಡಿಯಷ್ಟು ಮೈ, ತಲೆಗೆ ಬಿಳಿ ವಸ್ತ್ರ, ಬೆರಳುಗಳು ಮಾತ್ರ ಹಳೆಯ ಬೇರಿನಂತೆ. ಚಹಾ ಬಂತು, ಪುಲಾವ್ ಬಂತು. ಅಜ್ಜಿ ಒಂದು ತುತ್ತು ತಿಂದು ಕೈ ಒರೆಸಿಕೊಂಡು, "ಮೊದಲು ನನ್ನ ಗಿಡ ತೋರ್ಸು ಮಗಾ," ಎಂದರು.

ತುರ್ದಿ ಕೋಣೆಯ ಬಾಗಿಲು ತೆರೆದ. ಹಿಂದೆ ಮೊಹಲ್ಲಾ ಪೂರ್ತಿ ನುಗ್ಗಿತು. ಮೊಹಲ್ಲಾದ ಹಿಂದೆ ಬೆಕ್ಕುಗಳು. ಕತ್ತಲಲ್ಲಿ ಗಿಡ ಗಣ್ಯರಂತೆ ಕುಳಿತಿತ್ತು, ಪಕ್ಕದಲ್ಲಿ ಗ್ಲೂಕೋಸ್ ಬಾಟಲಿ.

"ಎಷ್ಟು ಹಸಿರು ನೋಡಿ ಅಜ್ಜಿ!" ಎಂದಳು ಹುರಿಯತ್, ಯಾರೂ ಕೇಳದಿದ್ದರೂ.

ಅಜ್ಜಿ ಹತ್ತಿರ ಹೋಗಿ ಒಂದು ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ, ಬೆರಳು ಮೂಗಿಗೆ ಹಿಡಿದರು. ಮತ್ತೊಂದು ಎಲೆ ಉಜ್ಜಿದರು. ಮೂಸಿದರು.

"ಇದು ಯಾರ ಎಲೆ?"

ಹುರಿಯತ್ ತೊಲಿಬ್ ಹಿರಿಯರ ಬೆನ್ನ ಹಿಂದೆ ಸರಿದಳು.

"ಕಚೇರೀದು!" ತೊಲಿಬ್ ಹಿರಿಯರಿಗೆ ತಡೆದುಕೊಳ್ಳಲಾಗಲಿಲ್ಲ. "ಅರವತ್ತೆರಡು ಎಲೆ, ತಾಯಿ! ಪಕ್ಕಾ ಲೆಕ್ಕ ಇದೆ!"

ಅಜ್ಜಿ ಬಗ್ಗಿ ಕುಂಡದ ಮಣ್ಣು ಚಿವುಟಿ ಮೂಸಿದರು.

"ಇದರಲ್ಲಿ ಜೀರಿಗೆ ಇದೆ."

"ಜೀರಿಗೆ ಹಾಕದೆ ಸಾರು ಹೇಗೆ ಮಾಡ್ಲಿ ಅಜ್ಜೀ?" ಎಂದಳು ಹುರಿಯತ್, ನಿಜವಾದ ನೋವಿನಿಂದ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ತುರ್ದಿ ಮೊಣಕಾಲೂರಿ ಕುಳಿತು ಮೊದಲಿನಿಂದ ಕೊನೆಯವರೆಗೆ ಹೇಳಿದ: ಗುಂಡಿ, ಚಾಪೆ, ಹಾಲು, ಗಂಜಿ, ಮೂಳೆ ನೀರು. ಅವನ ಮಾತಿಗೆ ಯಾರೂ ಅಡ್ಡ ಬಾರದಿದ್ದುದರಿಂದ ಅದು ಬಹಳ ಹೊತ್ತು ನಡೆಯಿತು. ಕೊನೆಗೆ, "ತಪ್ಪು ನನ್ನದು ಅಜ್ಜಿ. ಮಗಳದ್ದಲ್ಲ. ಶಕುನ ಅಂತ ಬಂದ್ರೆ ನನ್ನ ತಲೆ ಮೇಲೆ ಹಾಕಿ, ಅವಳ ಮೇಲೆ ಬೇಡ," ಎಂದ.

"ನಿನ್ನ ಕಸುಬೇನು ಮಗಾ?"

"ರೊಟ್ಟಿ ಸುಡ್ತೀನಿ."

"ಒಲೆ ಹೊತ್ತಿಸದೆ?"

"ಒಲೆ ಹೊತ್ತಿಸದೆ ರೊಟ್ಟಿ ಹೇಗಾಗುತ್ತೆ ಅಜ್ಜಿ?"

"ಮತ್ತೆ ಇದರ ಒಲೆ ಯಾಕೆ ಆರಿಸ್ದೆ?" ಅಜ್ಜಿ ಉಳಿದ ನಾಲ್ಕರಲ್ಲಿ ಒಂದು ನಿಜವಾದ ಎಲೆಯನ್ನು ಮುಟ್ಟಿದರು. "ಗಿಡದ ಅಡುಗೆಮನೆ ಬೇರಲ್ಲಿಲ್ಲಪ್ಪಾ, ಎಲೇಲಿದೆ. ಒಂದೊಂದು ಎಲೇನೂ ಒಂದೊಂದು ತಂದೂರಿ ಒಲೆ. ಬೆಂಕಿ ಅಂದ್ರೆ ಬಿಸಿಲು. ಹಿಟ್ಟು ಅಂದ್ರೆ ಗಾಳಿ, ಕಣ್ಣಿಗೆ ಕಾಣಲ್ಲ, ಎಲೆ ಸೂಕ್ಷ್ಮವಾಗಿ ಒಳಗೆ ಎಳ್ಕೊಳ್ಳುತ್ತೆ. ಬೇರು ನೀರು ಹೊರೋಳು, ಜತೆಗೆ ಚಿಟಿಕೆ ಉಪ್ಪು ತರ್ತಾಳೆ, ಅಷ್ಟೇ. ಗಾಳೀನೂ ನೀರೂ ಕಲಸಿ, ಬಿಸಿಲಲ್ಲಿ ಸುಟ್ಟು, ತನ್ನ ಸಕ್ಕರೆ ತಾನೇ ಮಾಡ್ಕೊಂಡು, ತಾನೂ ತಿಂದು ಹಣ್ಣಿಗೂ ಉಣ್ಸುತ್ತೆ. ನೀವೆಲ್ಲ ಒಲೆ ಬಾಯಿಗೆ ಮಖಮಲ್ ಮುಚ್ಚಿ, ನೀರು ಹೊರೋಳ ತಲೆ ಮೇಲೆ ಸಾರು ಸುರಿದಿದೀರ."

ಬಹ್ರೊಮ್ ಸದ್ದಿಲ್ಲದೆ ಕೊಳವೆ ಸುತ್ತತೊಡಗಿದ.

ತುರ್ದಿಯ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಏನೋ ಹೊಳೆದ ಬೆಳಕು. ಮೂವತ್ತು ವರ್ಷ ದಿನಾ ಮಾಡಿದ ಕೆಲಸವನ್ನೇ ಒಂದು ಎಲೆ ಸದ್ದಿಲ್ಲದೆ ಮಾಡುತ್ತಿತ್ತು, ತಾನು ಅದರ ಒಲೆಗೆ ಮಣ್ಣು ಮುಚ್ಚಿದ್ದ. "ಮತ್ತೆ ನಮ್ಮ ದಾಳಿಂಬೆ? ಅದು ಮಣ್ಣೊಳಗೆ ಸಾಯಲ್ವಲ್ಲ?"

"ದಾಳಿಂಬೆ ಕಣಜ ಇರೋಳು. ಬೇಸಿಗೆ ತುಂಬ ಸುಟ್ಟು, ಬೇರಲ್ಲಿ ಕೂಡಿಟ್ಟು, ಎಲೆ ಉದುರಿಸಿ, ಒಲೆ ಆರಿಸ್ಕೊಂಡೇ ಮಲಗ್ತಾಳೆ. ನಿಂಬೆ ದಿನಗೂಲಿಯೋಳು. ಅವತ್ತಿನ ರೊಟ್ಟಿ ಅವತ್ತೇ ಸುಡಬೇಕು." ಅಜ್ಜಿ ಸುತ್ತ ನೋಡಿದರು. "ಇಷ್ಟು ಜನ ಇದೀರ. ಕಿಟಕಿ ಅಂತ ಒಬ್ಬರಿಗೂ ನೆನಪಾಗ್ಲಿಲ್ವಾ?"

ತುರ್ದಿ ತಲೆ ತಗ್ಗಿಸಿದ. "ಒಬ್ಬಳಿಗೆ ಆಗಿತ್ತು. ನಾನು ಮಾತು ಮುಗಿಸೋಕೆ ಬಿಡ್ಲಿಲ್ಲ."

ಗೌಹರ್ ಅಷ್ಟರಲ್ಲಿ ಕಿಟಕಿಯ ಬಳಿಗೆ ಹೋಗಿದ್ದಳು. ಯಾರ ಅಪ್ಪಣೆಗೂ ಕಾಯದೆ ಮಖಮಲ್ ಪರದೆಯನ್ನು ಎರಡೂ ಕೈಯಿಂದ ಎಳೆದಳು. ಚಳಿಗಾಲದ ತೆಳು ಬಿಸಿಲು ಒಳಗೆ ಬಂದು, ಹೊಲಿದ ಎಲೆಗಳ ಹಸಿರು ದಾರವನ್ನೆಲ್ಲ ಊರಿಗೆ ತೋರಿಸಿತು. ಮೊದಲು ನಕ್ಕದ್ದು ಅಜ್ಜಿ. ನಗುತ್ತಲೇ ದಾರ ಹಿಡಿದು ನೋಡಿ, "ಹೊಲಿಗೆ ಮಾತ್ರ ಚಿನ್ನದಂಥದ್ದು. ಮದುವೆ ಟೊಪ್ಪಿ ನೀನೇ ಹೊಲಿಯಮ್ಮಾ," ಎಂದರು. ಮದುವೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಒಯ್ನಿಸಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

"ಅವಸರ ಬೇಡ," ಎಂದರು ಅಜ್ಜಿ. "ಮಾತು ಅಂದ್ರೆ ಮಾತು. ನೌರೋಜ್‌ಗೆ ಈ ಗಿಡದ್ದೇ ಆದ ಒಂದು ಹೊಸ ಎಲೆ, ಒಂದು ಹಣ್ಣು ಇರ್ಬೇಕು. ಎಂಟು ಹಣ್ಣು ಈಗಲೇ ಕಿತ್ತುಬಿಡಿ, ಬಡವಳ ಮೇಲಿನ ಭಾರ ಇಳೀಲಿ. ಹೊಲಿದ ಎಲೆ ಬಿಚ್ಚಿ, ಮಣ್ಣು ಬದಲಾಯ್ಸಿ. ಅಲ್ಲೀವರೆಗೆ ನನ್ನ ಮಗನಿಗೆ ನಾನೇನೂ ಹೇಳಲ್ಲ. ನಿನಗೇನಾದ್ರೂ ಅನ್ನೋ ಮುಖವೂ ಅವನಿಗಿಲ್ಲ... ಇರಲಿ, ಅದು ನೌರೋಜ್ ಮಾತು."

ಅಂದಿನಿಂದ ತುರ್ದಿಯ ಅಂಗಡಿಯ ಮುಂದಿನ ಗಾಜಿನ ಹಿಂದೆ ರೊಟ್ಟಿ ಕಾಣಲಿಲ್ಲ. ದಕ್ಷಿಣಕ್ಕೆ ತಿರುಗಿದ ಆ ಗಾಜನ್ನು ದಿನಕ್ಕೆರಡು ಸಲ ಉಜ್ಜಿ, ರೊಟ್ಟಿಗಳನ್ನೆಲ್ಲ ಮೂಲೆಗೆ ಸರಿಸಿ, ಜಾಗವನ್ನು ಗಿಡಕ್ಕೆ ಬಿಟ್ಟ. ಬಿಸಿಲು ಒಂದು ಗೇಣು ಸರಿದರೆ ಕುಂಡವನ್ನು ಒಂದು ಗೇಣು ಸರಿಸುತ್ತಿದ್ದ. ಗಿರಾಕಿಗಳು ಗಾಜಿಗೆ ಅಡ್ಡ ನಿಂತರೆ, "ಸ್ವಲ್ಪ ಈಚೆ ಬನ್ನಿ ಅಣ್ಣಾ, ಒಳಗೆ ಅಡುಗೆ ನಡೀತಿದೆ," ಎನ್ನುತ್ತಿದ್ದ. ಒಂದೇ ಗಾಜಿನ ಹಿಂದೆ ಇಬ್ಬರು ರೊಟ್ಟಿ ಸುಡುವವರು. ಒಬ್ಬನಿಗೆ ಬೆವರು, ಇನ್ನೊಬ್ಬಳಿಗೆ ಅದೂ ಇಲ್ಲ. ಹುರಿಯತ್ ಮಾತ್ರ ಅಭ್ಯಾಸ ಬಿಡಲಾಗದೆ ದಿನಾ ಬಂದು, "ಬರೀ ಬಿಸಿಲು ತಿಂದು ಹೇಗಪ್ಪಾ ಇರುತ್ತೆ," ಎಂದು ಮರುಗಿ ಹೋಗುತ್ತಿದ್ದಳು.

ಮಾರ್ಚ್ ಮೊದಲ ವಾರ ಒಂದು ಬೆಳಗ್ಗೆ, ಬೋಳು ಕೊಂಬೆಯ ಕಂಕುಳಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ತುರ್ದಿ ಅರಚಿದ ರೀತಿಗೆ ಜನ ಬೆಂಕಿ ಬಿದ್ದಿತೆಂದು ನೀರು ಹಿಡಿದು ಓಡಿಬಂದರು.

ನೌರೋಜ್ ದಿನ ಬೀಗರ ವ್ಯಾನು ಬಂತು. ಇಸ್ಮತುಲ್ಲಾ ಇಳಿದರು, ಆದರೆ ಮುಖದಲ್ಲಿ ಹಬ್ಬವಿರಲಿಲ್ಲ. ಹಬ್ಬದ ಬಿಸಿಲಿಗೆ ಅಂಗಳದಲ್ಲಿಟ್ಟಿದ್ದ ನಿಂಬೆ ಗಿಡವನ್ನು ನೋಡಿದರು: ನಾಲ್ಕು ಹಳೆಯ ಎಲೆ, ಏಳು ಎಳೆ ಎಲೆ, ಒಂದು ಹಣ್ಣು. ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ವ್ಯಾನಿನಿಂದ ಇಳಿದ ಅಜ್ಜಿ, "ಮೊದಲು ನಿಂದು ಇಳ್ಸು," ಎಂದು ಗದರಿದರು.

ಇಸ್ಮತುಲ್ಲಾ ರಜಾಯಿ ಸುತ್ತಿದ ಒಂದು ಕುಂಡವನ್ನು ಕಳ್ಳನಂತೆ ಇಳಿಸಿದರು. ರಜಾಯಿ ಬಿಚ್ಚಿದರೆ ತುರ್ದಿ ಕೊಟ್ಟ ದಾಳಿಂಬೆ. ಕಡ್ಡಿಯಂಥ ಉದ್ದುದ್ದ ಚಿಗುರು, ಬಿಳಿಚಿದ ಎಲೆ, ಹೊತ್ತಲ್ಲದ ಹೊತ್ತಲ್ಲಿ ಬಿಟ್ಟು ಬಾಡಿದ ಎರಡು ಹೂ.

"ಮಲಗ್ತಾನೇ ಇಲ್ಲ ಬೀಗರೇ," ಎಂದರು ಇಸ್ಮತುಲ್ಲಾ ಸಣ್ಣ ದನಿಯಲ್ಲಿ. "ಬೆಚ್ಚಗೆ ಗಾಜಿನ ಕೆಳಗಿಟ್ಟೆ. ಮೂರು ತಿಂಗಳಿಂದ ಕಣ್ಣು ಮುಚ್ಚಿಲ್ಲ. ಜೋಗುಳ ಒಂದು ಹಾಡಿಲ್ಲ ನಾನು."

"ಹಾಡಿದ," ಎಂದರು ಅಜ್ಜಿ. "ನಾನು ಕೇಳಿದೀನಿ."

ಎರಡು ಮೀನುಗಳೂ ಒಂದನ್ನೊಂದು ನೋಡಿದವು. ತುರ್ದಿಯ ಹೊಟ್ಟೆಯಲ್ಲಿ ಎದ್ದ ನಗು ಇಸ್ಮತುಲ್ಲಾರ ಗಂಟಲಲ್ಲಿ ಹೊರಬಂತೋ, ಅವರದ್ದು ಇವನಲ್ಲೋ, ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅಂಗಳದಲ್ಲೇ ನಕ್ಕರು.

ಇದ್ದ ಒಂದು ಹಣ್ಣನ್ನು ಒಯ್ನಿಸಾ ನಲವತ್ತು ಬಟ್ಟಲಿಗೆ ಹೆಚ್ಚಿದಳು. ಹೋಳು ಎಷ್ಟು ತೆಳುವೆಂದರೆ ಆಚೆ ಕಡೆಯವರ ಮುಖ ಈಚೆಯಿಂದ ಕಾಣುತ್ತಿತ್ತು. ಆದರೂ ಪ್ರತಿ ಬಟ್ಟಲಲ್ಲೂ ಪರಿಮಳವಿತ್ತು; ತೊಲಿಬ್ ಹಿರಿಯರು ತಮ್ಮ ಫೈಕಸ್ಸಿನ ದುಃಖವನ್ನೂ ಮರೆತು ಎರಡನೇ ಬಟ್ಟಲು ಕೇಳಿದರು. ಮದುವೆ ದಿನವೂ ನಿಂತಿತು. ಶರತ್ಕಾಲದಲ್ಲಿ, ದಾಳಿಂಬೆ ಮಣ್ಣಿಗೆ ಹೋಗುವ ಮೊದಲು, ನಿಂಬೆ ಗಾಜಿನೊಳಗೆ ಹೋದ ಮೇಲೆ, ನಡುವಿನ ಒಂದು ಶುಕ್ರವಾರ.

ಚಹಾ ಮುಗಿದ ಮೇಲೆ ತುರ್ದಿ ಬಟ್ಟಲನ್ನು ಕೆಳಗಿಟ್ಟು ಮೆಲ್ಲಗೆ ಅಂದ:

"ಬೀಗರೇ, ನಮ್ಮ ಹುಡುಗಿ ನಿಮ್ಮ ಮನೆಗೆ ಬಂದ್ಮೇಲೆ ಅವಳನ್ನ—"

"ಬೀಗರೇ, ಮೀನಿಗೆ..." ಎಂದು ಇಸ್ಮತುಲ್ಲಾರ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಎದುರಿಗೆ ಬಾಡಿದ ದಾಳಿಂಬೆ ಕಂಡಿತು. ಬಾಯಿ ಮುಚ್ಚಿಕೊಂಡರು. ಕಾಲು ಮಡಿಚಿ ಸರಿಯಾಗಿ ಕುಳಿತು, "ಹೇಳಿ ಬೀಗರೇ. ಕೇಳ್ತೀನಿ," ಎಂದರು.

ಜೀವನದಲ್ಲಿ ಮೊದಲ ಸಲ ಎದುರಿನವರು ಕೇಳುತ್ತೇನೆಂದು ಕೂತದ್ದಕ್ಕೋ ಏನೋ, ತುರ್ದಿಗೆ ಮಾತು ತಡವರಿಸಿತು.

"ಹೆಚ್ಚೇನಿಲ್ಲ. ಬೆಳಗಿನ ಬಿಸಿಲು ಬರೋ ಕೋಣೆ ಕೊಡಿ. ಮತ್ತೆ... ಅವಳು ಏನಾದ್ರೂ ಹೇಳೋಕೆ ಬಂದ್ರೆ ಪೂರ್ತಿ ಹೇಳೋಕೆ ಬಿಡಿ. ನಾನು ಬಿಡ್ಲಿಲ್ಲ. ಅಷ್ಟೇ."

ಬಾಗಿಲ ಮರೆಯಲ್ಲಿ ತಟ್ಟೆ ಸಣ್ಣಗೆ ಸದ್ದು ಮಾಡಿತು. "ಅಪ್ಪಾ..." ಎಂದಳು ಗೌಹರ್.

ಅಂಗಳದಲ್ಲಿದ್ದ ಅಷ್ಟೂ ಜನ ಮಾತು ನಿಲ್ಲಿಸಿದರು. ತುರ್ದಿ ಅವಳ ಕಡೆ ತಿರುಗಿ ಕಾದ. ಕಾಯುತ್ತಲೇ ಇದ್ದ.

"ಏನಿಲ್ಲಪ್ಪಾ," ಎಂದಳು ಗೌಹರ್ ಕೊನೆಗೆ, ಮೂಗೊರೆಸಿಕೊಂಡು ನಗುತ್ತ. "ನಿಂಬೆಗೆ ನೆರಳಾಗಿ ಕೂತಿದೀಯ. ಸ್ವಲ್ಪ ಈಚೆ ಬಾ."